ಓಲೆಗರಿಯ ಬಡ್ಡಿ, ಗಂಗೋತ್ರಿಯ ಲೆಕ್ಕ

ಅರಸೀಕೆರೆಯಿಂದ ಹೊರಟ ರೈಲು ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರಗಳನ್ನು ದಾಟಿ ಸಾಗರಕಟ್ಟೆಯ ಸೇತುವೆಯ ಮೇಲೆ ಬಂತೆಂದರೆ, ಅಲ್ಲಿಯವರೆಗೆ ತೂಕಡಿಸುತ್ತಿದ್ದವರೂ ಎದ್ದು ಕಿಟಕಿಗೆ ಮುಖ ಹಚ್ಚುತ್ತಾರೆ. ಕೆಳಗೆ ಕನ್ನಂಬಾಡಿಯ ಹಿನ್ನೀರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ನೀರು ಎಷ್ಟು ಬಂದಿದೆ?’ ಪಾಸ್‌ಬುಕ್ಕಿನಲ್ಲಿ ಬಾಕಿ ಎಷ್ಟಿದೆ ಎಂದು ನೋಡುವವರ ಮುಖದಂತೆಯೇ ಇರುತ್ತದೆ ಆಗ ಎಲ್ಲರ ಮುಖ. 1911ರಲ್ಲಿ ಕೆಲಸ ಶುರುವಾಗಿ ಸುಮಾರು ಎರಡು ದಶಕ ಹಿಡಿದ ಅಣೆಕಟ್ಟು ಇದು. ಮಳೆ ಬಾರದ ವರ್ಷಕ್ಕೆಂದು ಮಳೆ ಬಂದ ವರ್ಷವೇ ಕೂಡಿಡಬೇಕು. ಅದರ ಹಿಂದಿರುವ ಬುದ್ಧಿ ಇಷ್ಟೇ. ಇದೇ ಮಾತನ್ನು ಈಗ ನನ್ನ ಮಗಳು ದಪ್ಪ ದಪ್ಪ ಪುಸ್ತಕಗಳಲ್ಲಿ, ಸೂತ್ರಗಳ ಸಮೇತ ಓದುತ್ತಿದ್ದಾಳೆ.

ಅವಳು ಮಾನಸಗಂಗೋತ್ರಿಯಲ್ಲಿ ಎಂ.ಕಾಂ. ಮೊದಲ ವರ್ಷ. ಹಣಕಾಸು, ಹೂಡಿಕೆ, ರಿಸ್ಕ್ ನಿರ್ವಹಣೆ ಅವಳಿಗೆ ಇಷ್ಟದ ವಿಷಯಗಳು. ಆಷಾಢದ ಒಂದು ಶನಿವಾರ ಅವಳನ್ನು ನೋಡಲು ಹೊರಟಿದ್ದೆ. ಕೈಚೀಲದಲ್ಲಿ ಅವಳಮ್ಮ ಕಟ್ಟಿಕೊಟ್ಟ ಕೊಬ್ಬರಿ ಮಿಠಾಯಿ, ಚಕ್ಕುಲಿ. ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ.

ಆ ಕಾಗದದ ವಿಷಯ ಮೊದಲು ಹೇಳಿಬಿಡುತ್ತೇನೆ. ರಸ್ತೆ ಅಗಲ ಮಾಡುವಾಗ ನಮ್ಮ ತೆಂಗಿನ ತೋಟದ ಒಂದು ಅಂಚು ಹೋಯಿತು. ಪರಿಹಾರವೆಂದು ಎಂಟು ಲಕ್ಷ ರೂಪಾಯಿ ಬಂತು. ಹಣ ಬಂದ ಸುದ್ದಿ ಹಣಕ್ಕಿಂತ ಮೊದಲೇ ಊರು ತಿರುಗುತ್ತದಲ್ಲ; ಪರಿಚಯದವರೊಬ್ಬರು ಮನೆಗೆ ಬಂದು, ತಮಗೆ ಗೊತ್ತಿರುವ ಕಡೆ ಇಟ್ಟರೆ ತಿಂಗಳಿಗೆ ನೂರಕ್ಕೆ ಎರಡೂವರೆ ರೂಪಾಯಿ ಬಡ್ಡಿ ಎಂದು ಲೆಕ್ಕ ಬರೆದುಕೊಟ್ಟು ಹೋಗಿದ್ದರು. ಎಂಟು ಲಕ್ಷಕ್ಕೆ ತಿಂಗಳಿಗೆ ಇಪ್ಪತ್ತು ಸಾವಿರ. ಬ್ಯಾಂಕಿನಲ್ಲಿ ಶೇಕಡಾ 7 ಎಂದು ಹಿಡಿದರೂ ಐದು ಸಾವಿರ ಮುಟ್ಟುವುದಿಲ್ಲ. ‘ಸೋಮವಾರ ಹೇಳಿ’ ಎಂದಿದ್ದರು. ಮಗಳ ಹಾಸ್ಟೆಲು, ಪುಸ್ತಕ, ಮನೆಯ ಸೂರಿನ ರಿಪೇರಿ ಎಲ್ಲವೂ ಆ ಇಪ್ಪತ್ತು ಸಾವಿರದೊಳಗೆ ಸಲೀಸಾಗಿ ಕೂರುತ್ತಿದ್ದವು. ನನ್ನ ಮನಸ್ಸು ಮುಕ್ಕಾಲು ಪಾಲು ಒಪ್ಪಿಯೇ ರೈಲು ಹತ್ತಿತ್ತು.

ಮಾರುಕಟ್ಟೆಯ ಮಲ್ಲಿಗೆ

ನಿಲ್ದಾಣಕ್ಕೆ ಮಗಳು ಬಂದಿದ್ದಳು. ‘ಅಪ್ಪ, ಬಸ್ಸು ಬೇಡ, ನಡೆದುಕೊಂಡೇ ಹೋಗೋಣ. ಮೊದಲು ಮಾರ್ಕೆಟ್ಟು, ಹೂವು ತಗೋಬೇಕು’ ಎಂದಳು. ಮೈಸೂರು ನಡೆಯುವವರ ಊರು. ಸಯ್ಯಾಜಿರಾವ್ ರಸ್ತೆಗೆ ಬಂದು ದೇವರಾಜ ಮಾರುಕಟ್ಟೆಯ ಒಳಹೊಕ್ಕರೆ ಅರಿಶಿನ, ಕುಂಕುಮ, ವೀಳ್ಯದೆಲೆ, ರಸಬಾಳೆ, ಊದುಬತ್ತಿಗಳ ಕೂಡುವಾಸನೆ ಮೂಗಿಗೆ ಬಡಿಯುತ್ತದೆ. 2016ರಲ್ಲಿ ಈ ಹಳೆಯ ಕಟ್ಟಡದ ಒಂದು ಭಾಗ ಕುಸಿಯಿತು. ಕೆಡವಬೇಕೋ, ಉಳಿಸಬೇಕೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ವ್ಯಾಪಾರ ಮಾತ್ರ ಚರ್ಚೆಗೆ ಕಾಯುವುದಿಲ್ಲ.

ಹೂವಿನ ಸಾಲಿನಲ್ಲಿ ಮಗಳಿಗೆ ಪರಿಚಯದ ಒಬ್ಬ ಅಜ್ಜಿ. ಮಲ್ಲಿಗೆಯ ಬುಟ್ಟಿ ಚಿಕ್ಕದು, ಸೇವಂತಿಗೆ, ಕನಕಾಂಬರದ ಗುಡ್ಡೆ ದೊಡ್ಡವು. ‘ಯಾಕಜ್ಜಿ, ಇವತ್ತು ಮಲ್ಲಿಗೆ ಕಮ್ಮಿ?’ ಎಂದು ಮಗಳು ಕೇಳಿದಳು.

‘ಆಸಾಡ ಅಲ್ವೇನವ್ವ? ಮದುವೆಯಿಲ್ಲ, ಮುಂಜಿಯಿಲ್ಲ. ನಿನ್ನೆ ಸುಕ್ರವಾರ ಬೆಟ್ಟಕ್ಕೆ ಹೋಗೋ ಜನ, ಎಷ್ಟು ತಂದ್ರೂ ಸಾಲ್ದು. ಇವತ್ತು ಅಷ್ಟೇ ತಂದ್ರೆ ಸಂಜೆಗೆ ಬಾಡಿ ಕಸಕ್ಕೆ. ಸೇವಂತಿಗೆ ಆದ್ರೆ ನಾಳೆಗೂ ಆಯ್ತದೆ. ಮಲ್ಲಿಗೆ ಒಂದನ್ನೇ ನೆಚ್ಕಂಡ್ರೆ ಮನೆ ನಡೀತದಾ?’

ಮಗಳು ನನ್ನ ಕಡೆ ತಿರುಗಿ ನಕ್ಕಳು. ಎರಡು ಮೊಳ ಮಲ್ಲಿಗೆ ಕೊಂಡು ಹೊರಬಂದ ಮೇಲೆ, ತರಗತಿಯಲ್ಲಿ ಮೂರು ವಾರ ಹೇಳಿಕೊಟ್ಟದ್ದನ್ನು ಅಜ್ಜಿ ಮೂರು ಮಾತಿನಲ್ಲಿ ಹೇಳಿದರು ಎಂದಳು. ಮದುವೆಯ ಕಾಲದಲ್ಲಿ ಹೂವಿಗೆ ಬೆಲೆ. ಆಷಾಢದಲ್ಲಿ ಮದುವೆಯಿಲ್ಲ; ಆದರೆ ಮೈಸೂರಿನಲ್ಲಿ ಅದೇ ಆಷಾಢದ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಜನಸಾಗರ. ಒಂದು ಕಡೆ ಬಿದ್ದದ್ದನ್ನು ಇನ್ನೊಂದು ಕಡೆ ಎತ್ತುತ್ತದೆ. ಇದಕ್ಕೆ ಅವರ ಪುಸ್ತಕದಲ್ಲಿ ಹೆಡ್ಜಿಂಗ್ ಎಂದು ಹೆಸರಂತೆ.

‘ನಮ್ಮ ಅಕ್ಕಡಿ ಸಾಲಿನ ಹಾಗೆ ಅನ್ನು’ ಎಂದೆ. ಹಳೇ ಮೈಸೂರು ಸೀಮೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾಗಿ ಹೊಲದಲ್ಲಿ ಕೆಲವು ಸಾಲಿಗೊಮ್ಮೆ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುತ್ತಿದ್ದರು. ಮಳೆ ಬೇಗ ಕೈಕೊಟ್ಟರೆ ರಾಗಿ ಸೊರಗುತ್ತದೆ, ಬೇರು ಆಳಕ್ಕೆ ಬಿಟ್ಟ ತೊಗರಿ ತಡೆದುಕೊಳ್ಳುತ್ತದೆ. ‘ಹೌದು ಅಪ್ಪ, ಅದೇ!’ ಎಂದು ಅವಳು ರಸ್ತೆಯಲ್ಲೇ ನಿಂತುಬಿಟ್ಟಳು. ಹ್ಯಾರಿ ಮಾರ್ಕೋವಿಟ್ಜ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1952ರಲ್ಲಿ ಒಂದು ಪ್ರಬಂಧ ಬರೆದ. ಹತ್ತು ಷೇರು ಕೊಂಡರೆ ಸಾಲದು. ಒಂದು ಬಿದ್ದಾಗ ಜೊತೆಯಲ್ಲೇ ಬೀಳದಂಥವನ್ನು ಕೊಳ್ಳಬೇಕು ಎಂದು ಅದರಲ್ಲಿ ಗಣಿತದಿಂದ ತೋರಿಸಿದ. 1990ರಲ್ಲಿ ಅವನಿಗೂ ಇನ್ನಿಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ರಾಗಿಯ ಪಕ್ಕ ರಾಗಿಯನ್ನೇ ಬಿತ್ತಿದರೆ ಅದು ಅಕ್ಕಡಿಯಲ್ಲ ಎಂಬುದು ನಮ್ಮ ಅಜ್ಜನಿಗೂ ಗೊತ್ತಿತ್ತು. ಎಷ್ಟು ರಾಗಿಗೆ ಎಷ್ಟು ತೊಗರಿ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿದವನು ಮಾರ್ಕೋವಿಟ್ಜ್.

ಬುಲೇವಾರ್ಡಿನ ಕಲ್ಲುಕಟ್ಟಡ

ದೇವರಾಜ ಅರಸು ರಸ್ತೆ ಹಿಡಿದು ನಡೆದರೆ ಪೇಟೆಯ ಗದ್ದಲ ಹಿಂದಾಗಿ ಕೃಷ್ಣರಾಜ ಬುಲೇವಾರ್ಡ್ ಎದುರಾಗುತ್ತದೆ. ರಸ್ತೆಯ ನಡುವೆ ಮರಗಳ ಸಾಲು, ಆಚೀಚೆ ವಿದ್ಯೆಯ ಕಟ್ಟಡಗಳು. ಮಹಾರಾಜ ಕಾಲೇಜು ಇಲ್ಲಿಯೇ. ವಿಶ್ವವಿದ್ಯಾನಿಲಯದ ಕಚೇರಿಯಿರುವ ಕ್ರಾಫರ್ಡ್ ಭವನವೂ ಹತ್ತಿರದಲ್ಲೇ. 1916ರ ಜುಲೈ 27ರಂದು ಶುರುವಾದ ಮೈಸೂರು ವಿಶ್ವವಿದ್ಯಾನಿಲಯ, ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಈ ದೇಶದಲ್ಲಿ ಹುಟ್ಟಿದ ಮೊದಲನೆಯದು.

ಮಗಳು ನನ್ನನ್ನು ನಿಲ್ಲಿಸಿದ್ದು ಇವುಗಳ ಮುಂದಲ್ಲ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ನೆನಪಿಗೆ ಕಟ್ಟಿದ ಜೂಬಿಲಿ ಕಟ್ಟಡದ ಮುಂದೆ. ಈಗ ಅದು ಪ್ರಾಚ್ಯವಿದ್ಯಾ ಸಂಶೋಧನಾಲಯ. ಪ್ರವಾಸಿಗಳು ಅರಮನೆ, ಮೃಗಾಲಯ, ಬೆಟ್ಟ ನೋಡಿ ಇದರ ಮುಂದೆ ಆಟೋದಲ್ಲಿ ಹಾದುಹೋಗುತ್ತಾರೆ. ನೀವು ಮೈಸೂರಿಗೆ ಹೋದಾಗ ಹತ್ತು ನಿಮಿಷ ಇಲ್ಲಿ ನಿಲ್ಲಿ ಎಂಬುದು ನನ್ನ ಬಿನ್ನಹ.

1891ರಲ್ಲಿ ಸರ್ಕಾರಿ ಪ್ರಾಚ್ಯ ಪುಸ್ತಕಾಲಯವಾಗಿ ಇದು ಆರಂಭವಾಯಿತು. ಸಾವಿರಾರು ಓಲೆಗರಿ ಗ್ರಂಥಗಳು ಇಲ್ಲಿವೆ. ಗರಿ ಹುಳು ಹಿಡಿಯದಂತೆ, ಮುರಿಯದಂತೆ ಹುಲ್ಲೆಣ್ಣೆ ಸವರಿ ಕಾಪಾಡುತ್ತಾರೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ಕಟ್ಟನ್ನು ತಂದು ಇಲ್ಲಿಗೆ ಒಪ್ಪಿಸಿದರು. ಅದನ್ನು ಬಿಚ್ಚಿ ಓದಿದವರು ಇಲ್ಲಿದ್ದ ಆರ್. ಶಾಮಶಾಸ್ತ್ರಿ. ನಮ್ಮ ಹಾಸನ ಜಿಲ್ಲೆಯ, ಕಾವೇರಿ ದಂಡೆಯ ರುದ್ರಪಟ್ಟಣದವರು. ಅದು ಕೌಟಿಲ್ಯನ ಅರ್ಥಶಾಸ್ತ್ರ! ಬೇರೆ ಗ್ರಂಥಗಳಲ್ಲಿ ಹೆಸರು ಮಾತ್ರ ಉಳಿದು, ಇನ್ನು ಸಿಗದು ಎಂದು ವಿದ್ವಾಂಸರು ಕೈಚೆಲ್ಲಿದ್ದ ಪುಸ್ತಕ. 1905ರಿಂದಲೇ ಶಾಸ್ತ್ರಿಗಳು ಅದರ ಭಾಗಗಳನ್ನು ಇಂಗ್ಲಿಷಿಗೆ ತರತೊಡಗಿದರು. 1909ರಲ್ಲಿ ಮೂಲ, 1915ರಲ್ಲಿ ಪೂರ್ಣ ಅನುವಾದ ಅಚ್ಚಾದವು. ರಾಜ್ಯದ ಬೊಕ್ಕಸವನ್ನು ಹೇಗೆ ನಡೆಸಬೇಕೆಂದು ಹಿಂದಿನವರು ಬರೆದಿಟ್ಟಿದ್ದರು ಎಂಬುದು ಜಗತ್ತಿಗೆ ತಿಳಿದದ್ದು ಈ ಕಲ್ಲುಕಟ್ಟಡದಿಂದ.

‘ಅದರಲ್ಲಿ ಬಡ್ಡಿಯ ಮಾತೂ ಇದೆ, ಗೊತ್ತಾ?’ ಎಂದಳು ಮಗಳು. ಗೊತ್ತಿರಲಿಲ್ಲ. ಮರದ ಕೆಳಗೆ ನಿಂತು ಅವಳು ಬೆರಳು ಮಡಿಸಿ ಹೇಳಿದ್ದು ಇದು. ಸಾಮಾನ್ಯ ಸಾಲಕ್ಕೆ ತಿಂಗಳಿಗೆ ನೂರು ಪಣಕ್ಕೆ ಒಂದೂಕಾಲು ಪಣ. ಅದು ಧರ್ಮದ ಬಡ್ಡಿ. ವ್ಯಾಪಾರಿಗಳಿಗೆ ಐದು ಪಣ. ಕಾಡು ಹಾಯ್ದು ಸರಕು ಸಾಗಿಸುವವರಿಗೆ ಹತ್ತು. ಸಮುದ್ರ ದಾಟುವವರಿಗೆ ಇಪ್ಪತ್ತು. ಇದಕ್ಕಿಂತ ಹೆಚ್ಚು ಕೇಳಿದವನಿಗೂ ಕೇಳಿಸಿದವನಿಗೂ ದಂಡ. ಸಾಕ್ಷಿಯಾಗಿ ನಿಂತವರಿಗೆ ಅದರರ್ಧ.

ಎಲ್ಲರೂ ಪಡೆಯುವುದು ಅದೇ ನೂರು ಪಣ. ಬಡ್ಡಿ ಮಾತ್ರ ಬೇರೆ ಬೇರೆ. ಏಕೆ? ಕಾಡಿನಲ್ಲಿ ಕಳ್ಳರಿದ್ದಾರೆ, ಹುಲಿಯಿದೆ. ಕಡಲಿನಲ್ಲಿ ಬಿರುಗಾಳಿಯಿದೆ. ಹೋದವನು ಮರಳಿ ಬಾರದೇ ಇರಬಹುದು. ಆ ‘ಬಾರದೇ ಇರಬಹುದು’ ಎಂಬುದರ ಬೆಲೆಯೇ ಮೇಲಿನ ಬಡ್ಡಿ. ಇಂದಿನ ವಿಶ್ವವಿದ್ಯಾನಿಲಯಗಳಲ್ಲಿ ಇದನ್ನು ರಿಸ್ಕ್ ಪ್ರೀಮಿಯಂ ಎಂದು ಕಲಿಸುತ್ತಾರೆ. ಅದನ್ನು ಕಲಿಸುವ ತರಗತಿಗೂ ಆ ಓಲೆಗರಿ ಇರುವ ಕಟ್ಟಡಕ್ಕೂ ಅರ್ಧ ಗಂಟೆಯ ನಡಿಗೆಯಷ್ಟೇ ಅಂತರ.

ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಕಾಗದ ಮುಟ್ಟಿ ನೋಡಿಕೊಂಡೆ; ತೆಗೆಯಲಿಲ್ಲ.

ಮೇಷ್ಟ್ರ ಒಂದೂವರೆ ಲಕ್ಷ

ಪುಸ್ತಕಾಲಯ ಹುಟ್ಟಿದ ಅದೇ 1891ರಲ್ಲಿ ಮೈಸೂರು ಸಂಸ್ಥಾನ ಇನ್ನೊಂದು ಕೆಲಸ ಮಾಡಿತ್ತು. ಸರ್ಕಾರಿ ನೌಕರರಿಗಾಗಿ ಜೀವವಿಮೆ ಆರಂಭಿಸಿತು. ನೌಕರ ಸತ್ತರೆ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದೆಂದು ಸಂಬಳದಲ್ಲಿ ಪ್ರತಿ ತಿಂಗಳೂ ಸ್ವಲ್ಪ ಹಿಡಿಯುವ ಏರ್ಪಾಡು. ಅದೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. ನನ್ನ ಸಂಬಳದಲ್ಲೂ ಹಿಡಿಯುತ್ತಾರೆ. ನನ್ನ ತಂದೆಯ ಸಂಬಳದಲ್ಲೂ ಹಿಡಿಯುತ್ತಿದ್ದರು.

ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು. 1995ರ ಕೊನೆಗೆ ನಿವೃತ್ತರಾದಾಗ ವಿಮೆಯ ಹಣ, ಗ್ರಾಚ್ಯುಯಿಟಿ ಎಲ್ಲ ಸೇರಿ ಕೈಗೆ ಒಂದೂವರೆ ಲಕ್ಷ ಬಂತು. ಒಂದು ರೂಪಾಯಿಯೂ ಕಡಿಮೆಯಾಗದೆ ಬಂತು. ಮೂವತ್ತು ಚಿಲ್ಲರೆ ವರ್ಷ ಸರ್ಕಾರ ಜೋಪಾನ ಮಾಡಿದ ಆ ಹಣವನ್ನು ಅವರು ಒಂದು ಮಧ್ಯಾಹ್ನ ಕೊಂಡೊಯ್ದು, ಆಗ ಊರೂರಿನಲ್ಲಿ ಬೋರ್ಡು ತಗುಲಿಸಿಕೊಂಡಿದ್ದ ‘ಫೈನಾನ್ಸ್’ಗಳಲ್ಲಿ ಒಂದಕ್ಕೆ ಇಟ್ಟರು. ಬ್ಯಾಂಕು ವರ್ಷಕ್ಕೆ ಶೇಕಡಾ 12ರ ಆಸುಪಾಸು ಕೊಡುತ್ತಿದ್ದ ಕಾಲ. ಇವರು ತಿಂಗಳಿಗೆ ಎರಡು, ಅಂದರೆ ವರ್ಷಕ್ಕೆ 24. ತಿಂಗಳ ಐದನೆಯ ತಾರೀಖು ತಪ್ಪದೆ ಮೂರು ಸಾವಿರ ಬರುತ್ತಿತ್ತು. ಹದಿನಾಲ್ಕು ತಿಂಗಳು ಬಂತು. ಹದಿನೈದನೆಯ ತಿಂಗಳು ತಂದೆ ಹೋದಾಗ ಬಾಗಿಲಿಗೆ ಬೀಗ, ಮುಂದೆ ಜನ. ಬಂದದ್ದು ನಲವತ್ತೆರಡು ಸಾವಿರ, ಮುಳುಗಿದ್ದು ಒಂದು ಲಕ್ಷದ ಎಂಟು ಸಾವಿರ. ಬಡ್ಡಿಯಾಸೆಗೆ ಅಸಲು ಹೋಯಿತು.

ಅದು 1997. ಇಂಥ ಹಣಕಾಸು ಕಂಪನಿಗಳು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಮಾಡಿಸಲೇಬೇಕೆಂದು ಕಾನೂನು ತಿದ್ದಿದ್ದೂ ಅದೇ ವರ್ಷ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಂಥವರ ಪಾಲಿಗೆ ನಿಜವಾಯಿತು. ಅದಕ್ಕೂ ಹಿಂದಿನ ವರ್ಷ, 1996ರಲ್ಲಿ, ಮೈಸೂರಿನ ಮೇಟಗಳ್ಳಿ ಕಡೆ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ ಕೆಲಸ ಶುರುಮಾಡಿತ್ತು. ‘ಅಲ್ಲಿ ಅಚ್ಚು ಹಾಕ್ತಾರೆ, ಇಲ್ಲಿ ಮಾಯ ಮಾಡ್ತಾರೆ’ ಎಂದು ತಂದೆ ಒಂದೇ ಒಂದು ಸಲ ನಕ್ಕಿದ್ದರು. ಆಮೇಲೆ ಆ ವಿಷಯ ಅವರು ಎತ್ತಲಿಲ್ಲ, ಸಾಯುವವರೆಗೂ.

ಆ ವರ್ಷವೇ ನನ್ನ ಬಿ.ಕಾಂ. ಮುಗಿದಿತ್ತು. ಮಾನಸಗಂಗೋತ್ರಿಯ ಎಂ.ಕಾಂ. ಅರ್ಜಿ ಫಾರಂ ತಂದಿಟ್ಟುಕೊಂಡಿದ್ದೆ. ಅದನ್ನು ತುಂಬಲಿಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು, ಸೇರಿಕೊಂಡೆ. ತಂಗಿಯ ಮದುವೆಯಾಯಿತು. ಯಾರ ಮೇಲೂ ನನಗೆ ದೂರಿಲ್ಲ. ಆದರೆ ಮಗಳು ‘ನಾನು ಫೈನಾನ್ಸ್ ಓದ್ತೀನಿ’ ಎಂದಾಗ ಆ ಪದ ಕೇಳಿಯೇ ನನ್ನ ಹೆಂಡತಿ ಬೆಚ್ಚಿದ್ದಳು. ನಮ್ಮ ಮನೆಯಲ್ಲಿ ‘ಫೈನಾನ್ಸ್’ ಎಂದರೆ ಒಂದು ಬೀಗ ಹಾಕಿದ ಬಾಗಿಲು, ಅಷ್ಟೇ.

ಕೆರೆಯ ಏರಿಯ ಮೇಲೆ

ಹುಣಸೂರು ರಸ್ತೆ ಹಿಡಿದು ಮುಂದೆ ನಡೆದೆವು. ಬಿಸಿಲು ಇಳಿದಿತ್ತು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವಾಕಿಂಗಿನವರು, ನೀರಿನ ನಡುವೆ ನಡುಗಡ್ಡೆಯ ಮರಗಳಲ್ಲಿ ಹಕ್ಕಿಗಳು. ಕೆರೆಯಾಚೆ ಮಾನಸಗಂಗೋತ್ರಿ. 1960ರಲ್ಲಿ ಸ್ನಾತಕೋತ್ತರ ವಿಭಾಗಗಳಿಗೆಂದು ಮಾಡಿದ ಈ ಆವರಣಕ್ಕೆ ಆ ಹೆಸರಿಟ್ಟವರು ಕುವೆಂಪು. ಹಣದ ಲೆಕ್ಕ ಕಲಿಸುವ ವಿಭಾಗವೂ ಇಂಥ ಹೆಸರಿನ ನೆರಳಲ್ಲೇ ಇದೆ. ವಾಣಿಜ್ಯಶಾಸ್ತ್ರ ವಿಭಾಗದ ಜೊತೆಗೆ, ಎಂ.ಬಿ.ಎ. ಕಲಿಸುವ ಬಿ.ಎನ್. ಬಹದ್ದೂರ್ ಸಂಸ್ಥೆಯೂ ಇಲ್ಲಿದೆ. ಊರಿನಲ್ಲಿಯೇ ಇದ್ದು ಓದುವವರಿಗೆ 1996ರಲ್ಲಿ ಶುರುವಾದ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಇದೇ ಮೈಸೂರಿನಲ್ಲಿ.

ಮಗಳ ಜೊತೆ ಓದುವವರಲ್ಲಿ ಬಹಳ ಮಂದಿ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಚಾಮರಾಜನಗರ, ಮಂಡ್ಯದ ಕಡೆಯವರಂತೆ. ಹೊಗೆಸೊಪ್ಪು, ಕಬ್ಬು, ರೇಷ್ಮೆ ಬೆಳೆಯುವ ಮನೆಗಳಿಂದ ಬಂದವರು. ಕನ್ನಡದಲ್ಲಿ ಪಿ.ಯು.ವರೆಗೆ ಓದಿ ಇಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದಾಗ ಮೊದಲ ತಿಂಗಳು ಕಣ್ಣಲ್ಲಿ ನೀರು. ‘ರಿಸ್ಕ್ ಅನ್ನೋದಕ್ಕೆ ಕನ್ನಡದಲ್ಲಿ ಏನು ಅನ್ನೋದು ಅಪ್ಪ?’ ಎಂದು ಕೇಳಿದಳು. ಅಪಾಯ ಎಂದೆ. ‘ಅಪಾಯ ಅಂದ್ರೆ ಕೆಟ್ಟದ್ದೇ ಆಗೋದು. ಇದು ಹಾಗಲ್ಲ. ಏನಾಗುತ್ತೋ ಗೊತ್ತಿಲ್ಲ ಅನ್ನೋದು. ಒಳ್ಳೇದೂ ಆಗಬಹುದು.’ ಹಾಗಾದರೆ ನಮ್ಮ ಕಡೆ ಅದನ್ನು ಬೇಸಾಯ ಎನ್ನುತ್ತಾರೆ ಎಂದೆ. ಇಬ್ಬರೂ ನಕ್ಕೆವು.

ಏರಿಯ ಕಲ್ಲುಬೆಂಚಿನ ಮೇಲೆ ಚಕ್ಕುಲಿ ಬಿಚ್ಚಿದಾಗ ನಾನು ಕಾಗದವನ್ನೂ ಬಿಚ್ಚಿದೆ. ಅವಳು ಓದಿದಳು. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. ಚಕ್ಕುಲಿ ಮುರಿಯುತ್ತ ನಿಧಾನವಾಗಿ ಕೇಳಿದಳು:

‘ದುಡ್ಡು ಇಡೋದು ಅಂದ್ರೆ ಸಾಲ ಕೊಡೋದೇ ಅಲ್ವಾ ಅಪ್ಪ? ನೀವು ಸಾಲ ಕೊಡೋರು, ಅವರು ಸಾಲಗಾರರು. ಬ್ಯಾಂಕಿನಲ್ಲಿ ಅವರಿಗೆ ಕಡಿಮೆ ಬಡ್ಡಿಗೆ ಸಾಲ ಸಿಗೋ ಹಾಗಿದ್ರೆ ನಿಮಗೆ ಎರಡೂವರೆ ಯಾಕೆ ಕೊಡ್ತಾರೆ? ಒಂದೂಕಾಲಿಗಿಂತ ಮೇಲೆ ಕೊಡ್ತೀನಿ ಅನ್ನೋನು, ನಾನು ಕಾಡಿನ ದಾರಿ ಹಿಡಿದಿದ್ದೀನಿ ಅಂತ ತಾನೇ ಬಾಯಿಬಿಟ್ಟು ಹೇಳ್ತಾ ಇದ್ದಾನೆ. ನಾವು ಬಡ್ಡಿ ಮಾತ್ರ ಕೇಳಿಸ್ಕೋತೀವಿ, ಕಾಡು ಕೇಳಿಸ್ಕೊಳ್ಳಲ್ಲ.’

ಅವಳ ತಾತನಿಗೆ ಎರಡು ಎಂದಿದ್ದರು. ನನಗೆ ಎರಡೂವರೆ. ಆ ಮೂವತ್ತು ವರ್ಷದಲ್ಲಿ ನಾನು ಕಲಿತದ್ದೇನು ಎಂದು ಕೆರೆಯ ನೀರು ನೋಡುತ್ತ ಕುಳಿತೆ. ತಂದೆ ದುರಾಸೆಯವರಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ನೂರಾರು ಮಕ್ಕಳಿಗೆ ಸರಳಬಡ್ಡಿಯ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ಅವರು. ಬಡ್ಡಿ ಎಷ್ಟು ಎಂದು ಹೇಳುವ ಸೂತ್ರ ನಮ್ಮ ಶಾಲೆಯ ಪುಸ್ತಕದಲ್ಲಿತ್ತು. ಬಡ್ಡಿ ಅಷ್ಟು ಏಕೆ ಎಂದು ಕೇಳುವ ಪಾಠ ಇರಲಿಲ್ಲ. ಅದು ಓಲೆಗರಿಯಲ್ಲಿ ಸುರಕ್ಷಿತವಾಗಿತ್ತು, ಗಂಗೋತ್ರಿಯ ತರಗತಿಯಲ್ಲಿತ್ತು. ನಮ್ಮೂರಿನ ಫೈನಾನ್ಸಿನ ಬಾಗಿಲ ಮುಂದೆ ನಿಂತ ಜನರಲ್ಲಿ ಯಾರಿಗೂ ಅದು ತಲುಪಿರಲಿಲ್ಲ.

‘ಹಾಗಾದ್ರೆ ಎಲ್ಲಿಡೋದು?’ ಎಂದೆ.

ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಳು. 2020ರ ಫೆಬ್ರುವರಿಯಿಂದ, ಬ್ಯಾಂಕು ಮುಳುಗಿದರೂ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ ಐದು ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ. ಹಾಗಾಗಿ ಎಂಟನ್ನು ಒಂದೇ ಕಡೆ ಇಡುವುದು ಬೇಡ. ಎರಡು ಬ್ಯಾಂಕಿಗೆ ಹಂಚಿ. ಆರು ತಿಂಗಳ ಮನೆಖರ್ಚು ಬೇಕೆಂದಾಗ ಕೈಗೆ ಸಿಗುವಂತಿರಲಿ. ಸೂರಿನ ರಿಪೇರಿ ಈ ವರ್ಷವೇ ಮಾಡಿಸಿ. ಸೋರುವ ಸೂರಿಗಿಂತ ದೊಡ್ಡ ರಿಸ್ಕಿಲ್ಲ. ಹತ್ತು ವರ್ಷ ಮುಟ್ಟದ ಸ್ವಲ್ಪ ಹಣವಿದ್ದರೆ ಮಾತ್ರ ಷೇರಿನ ಮಾತು. ಅದೂ ತಿಂಗಳಿಗಿಷ್ಟು ಎಂದು. ‘ಮಳೆ ನೋಡಿ ಬಿತ್ತಬೇಕಲ್ಲ, ಒಂದೇ ದಿನ ಎಲ್ಲ ಬೀಜ ಚೆಲ್ಲಿಬಿಡ್ತೀರಾ?’ ಎಂದಳು. ಕೊನೆಯಲ್ಲಿ ಒಂದು ಮಾತು ಸೇರಿಸಿದಳು: ‘ಇದರಲ್ಲೂ ಇಷ್ಟೇ ಬರುತ್ತೆ ಅಂತ ನಾನು ಭಾಷೆ ಕೊಡಲ್ಲ ಅಪ್ಪ. ಭಾಷೆ ಕೊಡೋರನ್ನ ನಂಬಬೇಡಿ ಅನ್ನೋದೇ ನಮ್ಮ ಮೊದಲ ಪಾಠ.’

ಕತ್ತಲಾಗುವ ಮೊದಲು ಅವಳನ್ನು ಹಾಸ್ಟೆಲಿಗೆ ಬಿಟ್ಟೆ. ದಾರಿಯಲ್ಲಿ ವಿಭಾಗದ ಕಟ್ಟಡ ತೋರಿಸಿದಳು. ಶನಿವಾರ ಸಂಜೆ, ಬಾಗಿಲಿಗೆ ಬೀಗ ಹಾಕಿತ್ತು. ಸೋಮವಾರ ತೆರೆಯುವ ಬೀಗ. ಅದರ ಮುಂದೆ ಒಂದು ನಿಮಿಷ ನಿಂತು, ಇಲ್ಲಿ ಕೂರಬೇಕಾಗಿದ್ದವನು ನಾನೂ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಅವಳಿಗೆ ಗೊತ್ತಿದೆ.

ಮರುದಿನ ಸಾಗರಕಟ್ಟೆ ಸಮೀಪಿಸುವಾಗ ಮೊಬೈಲು ಬಡಿದುಕೊಂಡಿತು. ಸೋಮವಾರದವರೆಗೂ ತಾಳ್ಮೆಯಿಲ್ಲದ ಅದೇ ಪರಿಚಯದವರು. ‘ಏನ್ ತೀರ್ಮಾನ ಮಾಡಿದ್ರಿ ಸ್ವಾಮಿ?’

‘ನಮ್ಮ ಮನೇಲಿ ಕಾಡು ದಾಟೋರು ಯಾರೂ ಇಲ್ಲ, ಬೇಡ ಬಿಡಿ’ ಎಂದೆ.

‘ಹಲೋ? ಕಾಡು ಅಂದ್ರಾ? ಸರಿಯಾಗಿ ಕೇಳಿಸ್ತಿಲ್ಲ...’

ರೈಲು ಸೇತುವೆಯ ಮೇಲೆ ಬಂದಿತ್ತು. ಎದುರು ಸೀಟಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಕಿಟಕಿಗೆ ಮುಖ ಹಚ್ಚಿ, ‘ನೀರು ಎಷ್ಟು ಬಂದಿದೆ?’ ಎಂದು ಕೇಳಿದರು. ನಾನೂ ಅವರ ಪಕ್ಕಕ್ಕೆ ಸರಿದು ನೋಡಿದೆ.